ರೆಸಿನ್ ಕಾಕ್‌ಪಿಟ್ ಇಟ್ಟರೆ ಮಿಗ್-21ರ ಒಡಲು ಮುಚ್ಚುತ್ತಿಲ್ಲ, ಏನು ಮಾಡಲಿ?

ಪ್ರಶ್ನೆ: ನಾನು ಸಿಂಧನೂರಿನಲ್ಲಿ ಪ್ರೌಢಶಾಲೆಯ ವಿಜ್ಞಾನ ಶಿಕ್ಷಕ. ಪ್ಲಾಸ್ಟಿಕ್ ವಿಮಾನ ಮಾದರಿಗಳನ್ನು ಜೋಡಿಸುವ ಹವ್ಯಾಸವಿದೆ. ನಮ್ಮ ವಾಯುಪಡೆಯಿಂದ ಮಿಗ್-21 ಯುದ್ಧವಿಮಾನ ನಿವೃತ್ತವಾದಾಗ ಅದರದೊಂದು ಒಳ್ಳೆಯ ಮಾದರಿ ಮನೆಯಲ್ಲಿರಲಿ ಎಂದು 1/48 ಅಳತೆಯ (ನಿಜದ ವಿಮಾನದ 48ರಲ್ಲೊಂದು ಪಾಲು) ಮಿಗ್-21 ಬಿಸ್ ಎಂಬ ರೂಪದ ಕಿಟ್ ತರಿಸಿದೆ. ಅದರೊಂದಿಗೆ ಬೇರೆ ಕಂಪನಿಯ ರೆಸಿನ್ (ಅಚ್ಚಿಗೆ ಸುರಿದು ಗಟ್ಟಿಯಾಗಿಸಿದ ರಾಳ) ಕಾಕ್‌ಪಿಟ್, ಎಜೆಕ್ಷನ್ ಸೀಟು, ಗಾಲಿಗಳು, ಎಕ್ಸಾಸ್ಟ್ ಕೊಳವೆ, ಗಾಲಿಗೂಡು ಮತ್ತು ರೆಕ್ಕೆಯ ಹಿಂಬದಿಯ ಬಿಡಿ ಫ್ಲಾಪ್‌ಗಳನ್ನೂ ಕೊಂಡೆ. ಎಲ್ಲ ಸೇರಿ ಕಿಟ್‌ನ ಬೆಲೆಯನ್ನೇ ಮೀರಿತು. ಈಗ ಕಾಕ್‌ಪಿಟ್ ಒಳಗಿಟ್ಟರೆ ಒಡಲಿನ ಎರಡು ಹೋಳುಗಳು ಕೂಡುತ್ತಿಲ್ಲ. ಪ್ಲಾಸ್ಟಿಕ್ ಅಂಟು ಹಿಡಿಯಲಿಲ್ಲ. ಬಳಿದ ಬಣ್ಣ ಉಗುರಿಗೆ ಎದ್ದು ಬಂತು. ಕಳೆದ ಮೇ ತಿಂಗಳಲ್ಲಿ ಇನ್ನೊಂದು ವಿಮಾನ ಮಾದರಿಯ, ಗಾಲಿ ಹಿಡಿಯುವ ರೆಸಿನ್ ಕಾಲು ತಾನಾಗಿ ಬಾಗಿತು. ರೆಸಿನ್ ಇಲ್ಲದ ಮಾದರಿ ಮಾದರಿಯೇ ಅಲ್ಲ ಎನ್ನುವ ಗೆಳೆಯರಿದ್ದಾರೆ. ಅದರ ಪುಡಿ ವಿಷ, ನಾಲ್ಕು ವರ್ಷಕ್ಕೆ ಅದು ಕೊಳೆತುಹೋಗುತ್ತದೆ ಎಂದು ಹೆದರಿಸುವವರೂ ಇದ್ದಾರೆ. ಮಗಳಿಗೆ ಉಬ್ಬಸವಿರುವುದರಿಂದ ನನಗೆ ಆತಂಕ. ಮುಂದುವರಿಸಲೇ ಅಥವಾ ಕಿಟ್‌ನ ಭಾಗಗಳನ್ನೇ ಹಾಕಿ ಮುಗಿಸಲೇ? ಸೀಟಿನ ಅಚ್ಚು ತೆಗೆದು ಗೆಳೆಯನಿಗೊಂದು ನಾನೇ ಎರಕ ಹೊಯ್ದು ಕೊಡಬಹುದೇ?

ಉತ್ತರ: ನಿಮ್ಮ ಪತ್ರದಲ್ಲಿ ಹಲವು ದೂರುಗಳಿದ್ದರೂ, ಆರೋಗ್ಯದ್ದೊಂದನ್ನು ಬಿಟ್ಟರೆ ಉಳಿದವು ಬಹುಮಟ್ಟಿಗೆ ಒಂದೇ ಮೂಲದಿಂದ ಬಂದವು. ರೆಸಿನ್ ಭಾಗವು ಕಣ್ಣಿಗೆ ಕಿಟ್‌ನ ಪ್ಲಾಸ್ಟಿಕ್‌ನಂತೆಯೇ ಕಂಡರೂ ಅದು ಬೇರೆ ವಸ್ತು, ಬೇರೆ ವಿಧಾನದಲ್ಲಿ ತಯಾರಾದದ್ದು. ಹಾಗಾಗಿ ಅದರ ದಪ್ಪ, ಅದು ಬೇಡುವ ಅಂಟು, ಅದರ ಮೇಲೆ ಬಣ್ಣ ನಿಲ್ಲುವ ಬಗೆ, ಬಿಸಿಲಿಗೆ ಅದರ ತಾಳಿಕೆ ಎಲ್ಲವೂ ಬೇರೆ. ಪೊಟ್ಟಣದ ಮೇಲೆ ನಿಮ್ಮ ಕಿಟ್‌ನ ಹೆಸರು ಅಚ್ಚಾಗಿದೆ ಎಂದಮಾತ್ರಕ್ಕೆ ಅದು ನೇರವಾಗಿ ಕೂರುತ್ತದೆ ಎಂದರ್ಥವಲ್ಲ. ಆ ಕಿಟ್ಟನ್ನು ಕೆರೆದು ಹದಮಾಡಿದರೆ ಕೂರಿಸಬಹುದು ಎಂದಷ್ಟೇ ಅರ್ಥ. ಬಳ್ಳಾರಿಯಲ್ಲಿ ಪ್ರದರ್ಶನ ಮಾದರಿಗಳನ್ನು ಮಾಡಿಕೊಡುವ ನನ್ನ ಮೇಜಿಗೆ ಅರ್ಧಕ್ಕೆ ನಿಂತ ವಿಮಾನಗಳು ಆಗಾಗ ಬರುತ್ತವೆ, ಅವುಗಳಲ್ಲಿ ಹೆಚ್ಚಿನವು ನಿಂತಿರುವುದು ನೀವು ನಿಂತಿರುವ ಜಾಗದಲ್ಲೇ. ನಿಮ್ಮ ಕೈಕೆಲಸದಲ್ಲಿ ದೋಷವಿದೆ ಎಂದು ನನಗನ್ನಿಸುವುದಿಲ್ಲ.

ಮೊದಲು ಮಗಳ ವಿಷಯ. ಈ ಭಾಗಗಳನ್ನು ಸಾಮಾನ್ಯವಾಗಿ ಪಾಲಿಯುರೆಥೇನ್ ಎಂಬ ರೆಸಿನ್‌ನಿಂದ ಎರಕ ಹೊಯ್ಯುತ್ತಾರೆ. ಸರಿಯಾಗಿ ಗಟ್ಟಿಯಾದ ಭಾಗವನ್ನು ಮುಟ್ಟುವುದರಿಂದ, ಮನೆಯಲ್ಲಿಟ್ಟುಕೊಳ್ಳುವುದರಿಂದ ಅಪಾಯವಿಲ್ಲ, ಆದ್ದರಿಂದ ‘ವಿಷ’ ಎಂಬ ಮಾತು ಅತಿಯಾಯಿತು. ಆದರೆ ಅದನ್ನು ಒಣದಾಗಿ ಉಜ್ಜಿದಾಗ ಏಳುವ ಪುಡಿ ಬಹಳ ನಯ. ಅದು ಶ್ವಾಸಕೋಶದ ಆಳಕ್ಕೆ ಹೋಗಿ ಕಿರಿಕಿರಿ ಮಾಡುತ್ತದೆ, ಉಬ್ಬಸವಿದ್ದವರಿಗೆ ಅದು ಸಲ್ಲದು. ಪರಿಹಾರ ಸರಳವಾಗಿದೆ: ಗ್ಯಾರೇಜಿನ ಪೇಂಟರ್‌ಗಳು ಬಳಸುವ ವಾಟರ್ ಪೇಪರನ್ನು ತಟ್ಟೆಯಲ್ಲಿಟ್ಟು ನೀರು ಹಾಕಿಕೊಂಡೇ ಉಜ್ಜಿ, ಎನ್-95 ಮಾಸ್ಕ್ ಧರಿಸಿ, ಫ್ಯಾನ್ ಆರಿಸಿ, ಮೇಜನ್ನು ಗುಡಿಸದೆ ಒದ್ದೆ ಬಟ್ಟೆಯಿಂದ ಒರೆಸಿ. ಮೋಟಾರಿನ ಸಣ್ಣ ಗ್ರೈಂಡರನ್ನು ಮನೆಯೊಳಗೆ ಬಳಸಲೇಬೇಡಿ. ತಟ್ಟೆಯ ಕೆಸರುನೀರನ್ನು ಬಚ್ಚಲಿಗೆ ಚೆಲ್ಲುವ ಬದಲು ತಳ ಕಟ್ಟಲು ಬಿಟ್ಟು, ತಿಳಿಯನ್ನು ಬಸಿದು, ಉಳಿದ ಗಸಿಯನ್ನು ಒಣಗಿಸಿ ಕಸಕ್ಕೆ ಹಾಕಿ. ನಿಮ್ಮ ಗೆಳೆಯರು ಹೇಳದೆ ಬಿಟ್ಟ ಒಂದು ಅಂಶವೂ ಇದೆ: ರೆಸಿನ್ ಅಂಟಿಸಲು ಬೇಕಾಗುವ ಸೂಪರ್ ಗ್ಲೂವಿನ ಆವಿ ಕೂಡ ಉಬ್ಬಸವನ್ನು ಕೆರಳಿಸಬಲ್ಲದು. ಮಗಳು ಓದುವ ಅಥವಾ ಮಲಗುವ ಕೋಣೆಯಲ್ಲಿ ಈ ಕೆಲಸವನ್ನು ಇಟ್ಟುಕೊಳ್ಳಬೇಡಿ.

ಈಗ ಕಾಕ್‌ಪಿಟ್ ಏಕೆ ಕೂರುತ್ತಿಲ್ಲ ಎಂಬುದಕ್ಕೆ ಬರೋಣ. ಕಿಟ್‌ನ ಪಾಲಿಸ್ಟೈರೀನ್ ಭಾಗಗಳು ಉಕ್ಕಿನ ಅಚ್ಚಿನಲ್ಲಿ ಒತ್ತಡದಿಂದ ಹೊಯ್ದವು. ಉಕ್ಕಿನ ಅಚ್ಚು ಎರಡಾಗಿ ತೆರೆದುಕೊಂಡಾಗ ಭಾಗವು ಸಿಕ್ಕಿಕೊಳ್ಳದೆ ಹೊರಬರಬೇಕಾದ್ದರಿಂದ ಒಳಚಾಚು, ಕೆಳಗೊರೆತಗಳನ್ನು ಅದರಲ್ಲಿ ತೋರಿಸಲಾಗುವುದಿಲ್ಲ; ಕಾಕ್‌ಪಿಟ್‌ನ ಗೋಡೆಯ ಮೇಲಿನ ತಂತಿಗಳು, ಸೀಟಿನ ಬೆಲ್ಟಿನ ಮಡಿಕೆಗಳು ಚಪ್ಪಟೆಯಾಗಿ ಉಳಿಯುತ್ತವೆ. ರೆಸಿನ್ ಭಾಗಕ್ಕೆ ಅಚ್ಚು ಸಿಲಿಕೋನ್ ರಬ್ಬರಿನದು. ಅದು ಬಾಗುತ್ತದೆ, ಆದ್ದರಿಂದ ಒಳಗೆ ಕೊರೆದಂಥ ವಿವರವನ್ನೂ ಹರಿಯದೆ ಬಿಟ್ಟುಕೊಡುತ್ತದೆ. ರೆಸಿನ್‌ನ ಸೊಗಸೆಲ್ಲ ಬಂದಿರುವುದು ಇಲ್ಲಿಂದ, ಕಾಟವೂ ಇಲ್ಲಿಂದಲೇ. ರಬ್ಬರಿನ ಅಚ್ಚು ಕೆಲವು ಡಜನ್ ಎರಕಗಳಿಗೆ ಸವೆಯುತ್ತದೆ, ರೆಸಿನ್ ಗಟ್ಟಿಯಾಗುವಾಗ ಸ್ವಲ್ಪ ಕುಗ್ಗುತ್ತದೆ, ತೀರಾ ತೆಳುವಾದ ಗೋಡೆಯನ್ನು ಹೊಯ್ದರೆ ಗುಳ್ಳೆ ಬೀಳುತ್ತದೆ ಅಥವಾ ಸೊಟ್ಟಗಾಗುತ್ತದೆ. ಹೀಗಾಗಿ ತಯಾರಕರು ಗೋಡೆಯನ್ನು ಒಂದಿಷ್ಟು ದಪ್ಪವಾಗಿಯೇ ಬಿಡುತ್ತಾರೆ.

ಅಳತೆಯ ಲೆಕ್ಕ ನೋಡಿದರೆ ತೊಂದರೆ ಎಷ್ಟೆಂಬುದು ತಿಳಿಯುತ್ತದೆ. ಮಿಗ್-21ರ ರೆಕ್ಕೆಯಗಲ ಸುಮಾರು 7.15 ಮೀಟರ್; 1/48ರಲ್ಲಿ ಅದು 15 ಸೆಂಟಿಮೀಟರಿಗೂ ತುಸು ಕಡಿಮೆ. ಕಿಟ್‌ನ ಒಡಲಿನ ಪ್ಲಾಸ್ಟಿಕ್ 1.2 ಮಿಲಿಮೀಟರ್ ದಪ್ಪವಿದ್ದರೆ ನಿಜದ ವಿಮಾನದಲ್ಲಿ ಅದು 57 ಮಿಲಿಮೀಟರಿಗೂ ಹೆಚ್ಚಾಯಿತು. ವಿಮಾನದ ಲೋಹದ ಹೊದಿಕೆಯಾದರೋ ಕೆಲವೇ ಮಿಲಿಮೀಟರಿನದು. ಅಂದರೆ ಕಾಕ್‌ಪಿಟ್‌ಗೆ ಸಲ್ಲಬೇಕಾದ ಜಾಗವನ್ನು ಎರಡು ಕಡೆಯ ಪ್ಲಾಸ್ಟಿಕ್ ಮೊದಲೇ ಆಕ್ರಮಿಸಿದೆ, ಅದರೊಳಗೆ ನೀವು ಎರಡು ದಪ್ಪ ಗೋಡೆಗಳಿರುವ ಇನ್ನೊಂದು ಪೆಟ್ಟಿಗೆಯನ್ನು ಇಳಿಸಲು ಹೊರಟಿದ್ದೀರಿ. ಹಳೆಯ ಚೌಕಟ್ಟಿಗೆ ಹೊಸ ಬಾಗಿಲು ಕೂರಿಸುವ ಬಡಗಿ ಎಲ್ಲಿ ಎಷ್ಟು ಹೆರೆಯಬೇಕೆಂದು ನೋಡುತ್ತಾನಲ್ಲ, ಇದೂ ಅಂಥದೇ ಕೆಲಸ. ಮಿಗ್-21ರಲ್ಲಿ ಇನ್ನೂ ಒಂದು ತೊಡಕು ಸೇರುತ್ತದೆ: ಮೂತಿಯ ಗಾಲಿಗೂಡು ಕಾಕ್‌ಪಿಟ್‌ನ ಕೆಳಗೇ ಬರುವುದರಿಂದ, ಅಕ್ಕಪಕ್ಕ ಸರಿಹೋದ ಮೇಲೂ ರೆಸಿನ್‌ನ ನೆಲ ಆ ಗೂಡಿನ ಚಾವಣಿಗೆ ತಗುಲಿ ಇಡೀ ಕಾಕ್‌ಪಿಟ್ ಮೇಲೆದ್ದು ನಿಲ್ಲುತ್ತದೆ, ಆಗ ಕ್ಯಾನೊಪಿ (ಕಾಕ್‌ಪಿಟ್ ಮೇಲಿನ ಗಾಜಿನ ಮುಚ್ಚಳ) ಮುಚ್ಚುವುದಿಲ್ಲ.

ಕೆರೆಯುವ ಮೊದಲು ಎರಕದ ಬಾಲವನ್ನು ತೆಗೆದಿದ್ದೀರಾ ಎಂದು ನೋಡಿ. ಭಾಗದ ಬುಡಕ್ಕೆ ಅಂಟಿಕೊಂಡಿರುವ ದಪ್ಪ ತುಂಡು ರೆಸಿನ್ ಹೊಯ್ದ ದಾರಿ, ಅದು ವಿಮಾನದ ಭಾಗವಲ್ಲ. ಅದನ್ನು ಇಕ್ಕಳದಿಂದ ಮುರಿದರೆ ಭಾಗವೇ ಸಿಡಿದುಹೋಗುತ್ತದೆ. ಪತ್ತಾರರ ಸಾಮಾನಿನ ಅಂಗಡಿಯಲ್ಲಿ ಸಿಗುವ ದಾರದಂಥ ಗರಗಸದ ಅಲಗು, 2/0 ಅಥವಾ ಅದಕ್ಕಿಂತ ಸಣ್ಣದು, ಇದಕ್ಕೆ ಹೇಳಿಮಾಡಿಸಿದ್ದು. ರಾಯಚೂರಿನಲ್ಲಾಗಲಿ ಬಳ್ಳಾರಿಯಲ್ಲಾಗಲಿ ಸರಾಫ್ ಅಂಗಡಿಗಳಿರುವ ಓಣಿಯಲ್ಲಿ ವಿಚಾರಿಸಿದರೆ ಸಿಗುತ್ತದೆ, ಅಲ್ಲೇ ಸಣ್ಣ ಅರಗಳೂ ಸಿಗುತ್ತವೆ. ಗೆರೆಯಿಂದ ಒಂದು ಕೂದಲೆಳೆ ಹೊರಗೆ ಕೊಯ್ದು, ಉಳಿದದ್ದನ್ನು ಗಾಜಿನ ಮೇಲಿಟ್ಟ ಒದ್ದೆ ವಾಟರ್ ಪೇಪರಿನಲ್ಲಿ ಉಜ್ಜುತ್ತಾ ನೆಲ ಎಷ್ಟು ತೆಳುವಾಯಿತೆಂದು ನಡುನಡುವೆ ನೋಡಿ. ಕಾಕ್‌ಪಿಟ್‌ನ ನೆಲ ಬೆಳಕಿಗೆ ಹಿಡಿದಾಗ ತುಸು ಪಾರದರ್ಶಕವಾಗಿ ಕಾಣುವಷ್ಟರಲ್ಲಿ ನಿಲ್ಲಿಸಿ.

ಆನಂತರ ಎಲ್ಲಿ ತಗಲುತ್ತಿದೆ ಎಂದು ಊಹಿಸುವುದನ್ನು ಬಿಟ್ಟು ಗುರುತು ಮಾಡಿಕೊಳ್ಳಿ. ರೆಸಿನ್ ಕಾಕ್‌ಪಿಟ್‌ನ ಹೊರಮೈಗೆ ಮನೆಯಲ್ಲಿರುವ ಕಾಡಿಗೆಯನ್ನು ಬೆರಳಿನಿಂದ ತೆಳ್ಳಗೆ ಸವರಿ, ಒಡಲಿನೊಳಗೆ ಇಟ್ಟು, ಎರಡು ಹೋಳುಗಳನ್ನು ಮೆಲ್ಲಗೆ ಒತ್ತಿ ತೆರೆಯಿರಿ. ಒಳಗೋಡೆಯಲ್ಲಿ ಕಪ್ಪು ಕಲೆ ಬಿದ್ದ ಜಾಗ ಮಾತ್ರ ತಡೆಯುತ್ತಿರುವ ಜಾಗ. ಅಲ್ಲಿ ದುಂಡುಬಾಯಿಯ ಬ್ಲೇಡನ್ನು ನೆಟ್ಟಗೆ ಹಿಡಿದು ಪ್ಲಾಸ್ಟಿಕ್ಕನ್ನು ಕೆರೆಯಿರಿ. ಹೋಳನ್ನು ಟ್ಯೂಬ್‌ಲೈಟಿಗೆ ಅಡ್ಡ ಹಿಡಿದು ನೋಡುತ್ತಿದ್ದರೆ, ಮೊದಲು ಕಪ್ಪಾಗಿ ಕಾಣುತ್ತಿದ್ದ ಗೋಡೆಯಲ್ಲಿ ಬೆಳಕು ಮಂದವಾಗಿ ಹಾಯತೊಡಗುತ್ತದೆ. ಬೆಳಕು ಸಮನಾಗಿ ಬಂದರೆ ದಪ್ಪವೂ ಸಮನಾಗಿದೆ ಎಂದು ತಿಳಿಯಬಹುದು. ಒಂದೇ ಕಡೆ ಬೆಳಕು ಹೆಚ್ಚಾದರೆ ಅಲ್ಲಿ ನಿಲ್ಲಿಸಿ, ಇಲ್ಲದಿದ್ದರೆ ಹೊರಮೈಯ ಪ್ಯಾನೆಲ್ ಗೆರೆಯ ಉದ್ದಕ್ಕೂ ಬಿರುಕು ಬಿಡುತ್ತದೆ. ಹೆಚ್ಚಿನದನ್ನು ಕಿಟ್‌ನ ಪ್ಲಾಸ್ಟಿಕ್‌ನಿಂದ ತೆಗೆಯಿರಿ, ರೆಸಿನ್‌ನ ಹೊರಮೈಯಿಂದ ಸ್ವಲ್ಪವೇ ತೆಗೆಯಿರಿ, ಏಕೆಂದರೆ ಪ್ಲಾಸ್ಟಿಕ್ ಬಾಗಿ ಸಹಿಸಿಕೊಳ್ಳುತ್ತದೆ, ರೆಸಿನ್ ಸಹಿಸುವುದಿಲ್ಲ. ಮೂತಿಯಿಂದ ಬಾಲದವರೆಗೆ ಮಾಸ್ಕಿಂಗ್ ಟೇಪ್ ಸುತ್ತಿ ಅಂಟಿಲ್ಲದೆ ಹೋಳುಗಳು ತಾವಾಗಿ ಮುಚ್ಚಿಕೊಳ್ಳುವವರೆಗೂ ಕಾಕ್‌ಪಿಟ್‌ಗೆ ಒಂದು ಹನಿ ಬಣ್ಣವನ್ನೂ ಬಳಿಯಬೇಡಿ. ಒತ್ತಿ ಹಿಡಿದು ಅಂಟಿಸಿದ ಒಡಲು ಅಂದು ಕೂಡಿಕೊಂಡರೂ ಆ ಬಿಗಿತ ಒಳಗೇ ಉಳಿದು, ತಿಂಗಳುಗಳ ಮೇಲೆ ಕಾಕ್‌ಪಿಟ್‌ನ ಹಿಂದಿನ ಬೆಸುಗೆಯಲ್ಲಿ ಸೀಳು ತೋರುವುದನ್ನು ನಾನು ಕಂಡಿದ್ದೇನೆ.

ಅಂಟಿನ ವಿಷಯ ಚಿಕ್ಕದು. ಪ್ಲಾಸ್ಟಿಕ್ ಅಂಟು ಪಾಲಿಸ್ಟೈರೀನನ್ನು ಕರಗಿಸಿ ಒಂದಕ್ಕೊಂದು ಬೆಸೆಯುವ ದ್ರಾವಕ. ಪಾಲಿಯುರೆಥೇನನ್ನು ಅದು ಕರಗಿಸುವುದಿಲ್ಲ, ಆದ್ದರಿಂದ ಹಿಡಿಯುವ ಪ್ರಶ್ನೆಯೇ ಇಲ್ಲ. ಸಣ್ಣ ಭಾಗಗಳಿಗೆ ಸೂಪರ್ ಗ್ಲೂ, ದೊಡ್ಡವಕ್ಕೆ ಮತ್ತು ನೇರ ಮಾಡಿಕೊಳ್ಳಲು ಸಮಯ ಬೇಕಾದಲ್ಲಿ ಎರಡು ಟ್ಯೂಬಿನ ಎಪಾಕ್ಸಿ ಬಳಸಿ. ಸೂಪರ್ ಗ್ಲೂ ಗಟ್ಟಿಯಾಗುವುದು ಗಾಳಿಯ ತೇವದಿಂದ. ನಮ್ಮ ಏಪ್ರಿಲ್ ತಿಂಗಳ ಒಣ ಗಾಳಿಯಲ್ಲಿ ಅದು ನಿಧಾನಿಸುತ್ತದೆ ಎಂದು ಇನ್ನಷ್ಟು ಸುರಿಯುವವರಿದ್ದಾರೆ. ಹಾಗೆ ಮಾಡದೆ, ಬಿರುಕು ತುಂಬುವಲ್ಲಿ ಚಿಟಿಕೆ ಅಡುಗೆ ಸೋಡಾ ಉದುರಿಸಿದರೆ ತಕ್ಷಣ ಗಟ್ಟಿಯಾಗುತ್ತದೆ. ಆದರೆ ಅದನ್ನು ಅದೇ ದಿನ ಉಜ್ಜಿಬಿಡಿ, ಮರುದಿನಕ್ಕೆ ಅದು ಸುತ್ತಲಿನ ಪ್ಲಾಸ್ಟಿಕ್‌ಗಿಂತ ಗಟ್ಟಿಯಾಗಿರುತ್ತದೆ. ಇದರ ಆವಿಯಿಂದ ಕ್ಯಾನೊಪಿಯ ಒಳಗೆ ಬೆಳ್ಳನೆ ಮಬ್ಬು ಕೂರುವುದರಿಂದ ಕಾಕ್‌ಪಿಟ್‌ನಲ್ಲಿ ಅಂಟು ಹಾಕಿದ ಮೇಲೆ ಒಂದು ದಿನವಾದರೂ ಗಾಳಿಯಾಡಲು ಬಿಟ್ಟು ಆಮೇಲೆ ಕ್ಯಾನೊಪಿ ಮುಚ್ಚಿ.

ಬಣ್ಣ ಎದ್ದು ಬಂದದ್ದಕ್ಕೆ ಕಾರಣ, ಅಚ್ಚಿನಿಂದ ಭಾಗ ಸುಲಭವಾಗಿ ಬಿಡಲೆಂದು ಸವರುವ ಸಿಲಿಕೋನ್ ಎಣ್ಣೆ. ಬೆಚ್ಚಗಿನ ನೀರು, ಪಾತ್ರೆ ತೊಳೆಯುವ ದ್ರವ, ಹಳೆಯ ಹಲ್ಲುಜ್ಜುವ ಬ್ರಷ್ ಇಷ್ಟರಿಂದ ತಿಕ್ಕಿ ತೊಳೆದು, ಪೂರ್ತಿ ಒಣಗಿಸಿ, ಪ್ರೈಮರ್ ಹೊಡೆದ ಮೇಲೆ ಬಣ್ಣ ಬಳಿಯಿರಿ. ಹಾಕಿದ ಕಾಡಿಗೆಯೂ ಇದರಲ್ಲೇ ಹೋಗುತ್ತದೆ. ವಾಹನಗಳ ಪೇಂಟ್ ಅಂಗಡಿಯ ಸ್ಪ್ರೇ ಪ್ರೈಮರ್ ರೆಸಿನ್ ಮೇಲೆ ಚೆನ್ನಾಗಿ ನಿಲ್ಲುತ್ತದೆ, ಆದರೆ ಅದರ ದ್ರಾವಕ ಕಿಟ್‌ನ ಪ್ಲಾಸ್ಟಿಕ್ಕನ್ನು ತಿನ್ನುವ ಸಂಭವವಿರುವುದರಿಂದ ಮೊದಲು ಕಿಟ್‌ನ ಭಾಗಗಳನ್ನು ಬಿಡಿಸಿಕೊಂಡ ಮೇಲೆ ಉಳಿಯುವ ಪ್ಲಾಸ್ಟಿಕ್ ಕಡ್ಡಿಯ ಮೇಲೆ ಪರೀಕ್ಷಿಸಿ.

ಬಿಸಿಲಿಗೆ ಬಾಗಿದ ಕಾಲಿನ ಬಗ್ಗೆ. ಪಾಲಿಸ್ಟೈರೀನ್ ಮೆದುವಾಗುವುದು 100 ಡಿಗ್ರಿ ಸೆಲ್ಸಿಯಸ್‌ನ ಹತ್ತಿರದಲ್ಲಿ. ಎರಕದ ಪಾಲಿಯುರೆಥೇನ್‌ಗಳಲ್ಲಿ ಹಲವು ಅದಕ್ಕಿಂತ ಬಹಳ ಕೆಳಗೇ ಸಡಿಲಗೊಳ್ಳುತ್ತವೆ. ರಾಯಚೂರು ಜಿಲ್ಲೆಯ ಬೇಸಿಗೆಯಲ್ಲಿ ನೆರಳಿನ ತಾಪವೇ 42 ಡಿಗ್ರಿ ದಾಟುವ ದಿನಗಳಿರುವಾಗ, ಪಶ್ಚಿಮದ ಕಿಟಕಿಯ ಬಳಿಯ ಗಾಜಿನ ಕಪಾಟು, ತಗಡಿನ ಚಾವಣಿಯ ಕೋಣೆ, ನಿಲ್ಲಿಸಿದ ಕಾರು ಇವುಗಳ ಒಳಗೆ ಎಷ್ಟಾದೀತೆಂದು ಹೇಳಬೇಕಿಲ್ಲ. ಆದರೂ ಇಡೀ ರೆಸಿನ್ ನಮ್ಮ ಹವೆಗೆ ಒಗ್ಗುವುದಿಲ್ಲ ಎನ್ನುವುದು ತಪ್ಪು. ಸೀಟು, ಎಕ್ಸಾಸ್ಟ್ ಭಾರ ಹೊರುವುದಿಲ್ಲ, ಗಾಲಿ ಹೊತ್ತರೂ ಅದು ದಪ್ಪ, ಅವಕ್ಕೆ ಏನೂ ಆಗುವುದಿಲ್ಲ. ಸದಾ ಭಾರ ಹೊತ್ತು ನಿಲ್ಲುವ ತೆಳ್ಳನೆಯ ಕಾಲು ಮಾತ್ರ ಬಾಗುತ್ತದೆ. ಕೈ ಇಡಲಾಗದಷ್ಟು ಬಿಸಿಯ ನೀರಿನಲ್ಲಿ ಅದ್ದಿ, ನೆಟ್ಟಗೆ ಮಾಡಿ, ತಣ್ಣೀರಿಗೆ ಹಾಕಿದರೆ ಅದು ಸರಿಹೋಗುತ್ತದೆಯಾದರೂ ಮುಂದಿನ ಬೇಸಿಗೆಗೆ ಮತ್ತೆ ಬಾಗುತ್ತದೆ. ಆ ವಿಮಾನಕ್ಕೆ ಕಿಟ್‌ನ ಪ್ಲಾಸ್ಟಿಕ್ ಕಾಲನ್ನೋ ಹಿತ್ತಾಳೆಯ ಕಾಲನ್ನೋ ಹಾಕಿ. ಇತ್ತೀಚೆಗೆ ಬರುತ್ತಿರುವ 3ಡಿ ಪ್ರಿಂಟ್ ಭಾಗಗಳನ್ನು ಹೀಗೆ ಬಿಸಿನೀರಿನಲ್ಲಿ ತಿದ್ದಲು ಹೋಗಬೇಡಿ. ಅವು ಬೆಳಕಿನಿಂದ ಗಟ್ಟಿಯಾಗುವ ಬೇರೆ ಜಾತಿಯ ರೆಸಿನ್. ವಿವರ ಇನ್ನೂ ನವಿರು, ಆದರೆ ಒತ್ತಿದರೆ ಪಟ್ಟನೆ ಮುರಿಯುತ್ತವೆ, ಬಿಸಿಲಿನಲ್ಲಿಟ್ಟರೆ ಇನ್ನಷ್ಟು ಪೆಡಸಾಗುತ್ತವೆ. ಅಂಟಂಟಾಗಿ ಬಂದ ಪ್ರಿಂಟ್ ಭಾಗವನ್ನು ಬರಿಗೈಯಲ್ಲಿ ಮುಟ್ಟಬಾರದು.

‘ಕೊಳೆಯುತ್ತದೆ’ ಎಂಬ ಮಾತಿನಲ್ಲಿ ಹುರುಳಿಲ್ಲ. ಬಣ್ಣ ಹಚ್ಚದ ರೆಸಿನ್ ಬಿಸಿಲಿಗೆ ಹಳದಿಯಾಗುತ್ತದೆ. ರೆಸಿನ್ ತಯಾರಿಸಲು ಬೆರೆಸುವ ಎರಡು ದ್ರವಗಳ ಪ್ರಮಾಣ ತಪ್ಪಿ ಹೊಯ್ದ ಕಳಪೆ ಎರಕ ಎಣ್ಣೆ ಒಸರುತ್ತಾ ಮೆದುವಾಗಿಯೇ ಉಳಿಯುತ್ತದೆ. ಅದು ಪೊಟ್ಟಣ ಒಡೆದ ದಿನವೇ ಉಗುರಿಗೆ ತಿಳಿಯುವ ದೋಷ, ವರ್ಷಗಳ ಮೇಲೆ ಬರುವ ರೋಗವಲ್ಲ.

ರೆಸಿನ್ ಎಂದರೆ ಹೆಚ್ಚು ನಿಖರ ಎಂಬ ಇನ್ನೊಂದು ನಂಬಿಕೆಯ ಬಗ್ಗೆ ನಿಮ್ಮನ್ನು ಎಚ್ಚರಿಸಬೇಕು, ಏಕೆಂದರೆ ನೀವು ನೆನಪಿಗಾಗಿ ಮಾಡುತ್ತಿರುವ ವಿಮಾನದ ವಿಷಯದಲ್ಲಿ ಇದು ಮುಖ್ಯ. 1963ರಲ್ಲಿ ನಮ್ಮ ವಾಯುಪಡೆಗೆ ಬಂದು, 2025ರ ಸೆಪ್ಟೆಂಬರ್ 26ರಂದು ಚಂಡೀಗಢದಲ್ಲಿ ಬೀಳ್ಕೊಂಡದ್ದು ಒಂದೇ ಮಿಗ್-21 ಅಲ್ಲ. ಕೊನೆಯವರೆಗೂ ಹಾರಿದ್ದು ಬೈಸನ್: ಬಿಸ್ ಮಾದರಿಗೇ ಹೊಸ ರೇಡಾರ್, ಕಣ್ಣೆದುರಿನ ಗಾಜಿನ ಮೇಲೆ ಮಾಹಿತಿ ತೋರಿಸುವ ಹೆಡ್-ಅಪ್ ಡಿಸ್‌ಪ್ಲೇ, ಪರದೆ ಕೂರಿಸಿ, ಮುಂದಿನ ಗಾಜನ್ನು ಚೌಕಟ್ಟಿಲ್ಲದ ಒಂದೇ ಹಾಳೆಯಾಗಿ ಬದಲಿಸಿದ ರೂಪ. ನೀವು ಕೊಂಡ ಕಾಕ್‌ಪಿಟ್ ಸಾಮಾನ್ಯ ಬಿಸ್‌ನದಾಗಿದ್ದರೆ ಅದರಲ್ಲಿ ಬರೀ ಮುಳ್ಳಿನ ಗಡಿಯಾರಗಳಿರುತ್ತವೆ. ಅದನ್ನಿಟ್ಟು ಬೈಸನ್‌ನ ಬಣ್ಣ ಬಳಿದರೆ ಎಷ್ಟು ನವಿರಾದ ಎರಕವಾದರೂ ತಪ್ಪು ವಿಮಾನವೇ. ಮೇಲ್ದರ್ಜೆಗೇರುವ ಮೊದಲಿನ ಬಿಸ್ ಅನ್ನೇ ಮಾಡುವುದಾದರೆ ನಿಮ್ಮ ಪೊಟ್ಟಣ ಸರಿ. ಸೀಟಿಗೆ ಈ ತೊಡಕಿಲ್ಲ: ಮಿಗ್-21ರ ಎಂಎಫ್, ಬಿಸ್, ಬೈಸನ್ ಎಂಬ ಮೂರೂ ರೂಪಗಳಲ್ಲಿ ಕೆಎಂ-1 ಎಂಬ ಸೀಟೇ. ಅವಕ್ಕಿಂತ ಮೊದಲಿನ ಎಫ್‌ಎಲ್ ಬೇರೆ, ಅದರ ಕ್ಯಾನೊಪಿ ಮುಂಗಡೆಗೆ ತೆರೆದುಕೊಳ್ಳುತ್ತಿತ್ತು.

ಎಕ್ಸಾಸ್ಟ್ ಕೊಳವೆಯನ್ನು ಖಂಡಿತ ಬಳಸಿ, ಎರಡು ಹೋಳಿನ ಪ್ಲಾಸ್ಟಿಕ್ ಕೊಳವೆಯ ಒಳಗಿನ ಬೆಸುಗೆಯನ್ನು ಉಜ್ಜುವ ಕಷ್ಟ ತಪ್ಪುತ್ತದೆ. ಆದರೆ ಅದು ಗಟ್ಟಿ ರೆಸಿನ್, ಹಿಂದಿನ ಗಾಲಿಗಳಿಗಿಂತ ಹಿಂದಕ್ಕೆ ಭಾರ ಬೀಳುತ್ತದೆ, ವಿಮಾನ ಬಾಲದ ಮೇಲೆ ಕೂರುವ ಸಾಧ್ಯತೆಯಿದೆ. ಮೂತಿಯೊಳಗೆ ಪ್ರತಿಭಾರ ಇಡಿ. ಮುನಿರಾಬಾದಿನ ಕಡೆ ಮೀನಿನ ಬಲೆಗೆ ಕಟ್ಟುವ ಸೀಸದ ಗುಂಡುಗಳು ಇದಕ್ಕೆ ಸಾಕು, ಮುಟ್ಟಿದ ಮೇಲೆ ಕೈ ತೊಳೆದುಕೊಳ್ಳಬೇಕು. ಅವನ್ನು ಬಿಳಿ ಮರದಂಟಿನಿಂದ ಹಿಡಿಸಲೇಬೇಡಿ. ಆ ಅಂಟಿನಿಂದ ಬಿಡುಗಡೆಯಾಗುವ ಅಸಿಟಿಕ್ ಆಮ್ಲ ಸೀಸದೊಂದಿಗೆ ವರ್ತಿಸಿ ಬಿಳಿ ಪುಡಿಯಾಗಿ ಉಬ್ಬುತ್ತದೆ, ಮುಚ್ಚಿದ ಮೂತಿಯನ್ನು ಒಳಗಿನಿಂದ ಸೀಳಿಬಿಡಬಲ್ಲದು. ಎಪಾಕ್ಸಿಯಲ್ಲಿ ಮುಳುಗಿಸಿಡಿ.

ಗೆಳೆಯನಿಗಾಗಿ ಸೀಟು ಎರಕ ಹೊಯ್ಯುವುದನ್ನು ಬಿಡಿ ಎಂದೇ ಹೇಳುತ್ತೇನೆ. ಗಟ್ಟಿಯಾದ ರೆಸಿನ್ ನಿರುಪದ್ರವಿ, ಗಟ್ಟಿಯಾಗುವ ಮೊದಲಿನ ದ್ರವ ಹಾಗಲ್ಲ: ಅದರಲ್ಲಿರುವ ಐಸೋಸಯನೇಟ್ ಉಬ್ಬಸವನ್ನು ಹುಟ್ಟಿಸಬಲ್ಲದೆಂದು ಕೈಗಾರಿಕೆಗಳಲ್ಲಿ ಚೆನ್ನಾಗಿ ಗೊತ್ತಿರುವ ರಾಸಾಯನಿಕ, ಈಗಾಗಲೇ ಉಬ್ಬಸವಿರುವ ಮಗುವಿನ ಮನೆಗೆ ಅದು ಬರಬಾರದು. ಮೇಲಾಗಿ ಮಳೆಗಾಲದ ತೇವಕ್ಕೆ ಆ ದ್ರವ ಇಂಗಾಲದ ಡೈಆಕ್ಸೈಡ್ ಬಿಟ್ಟು ನೊರೆಯಾಗುವುದರಿಂದ ಸೀಟಿನ ತುಂಬ ಗುಳ್ಳೆಗಳೇ ಸಿಗುತ್ತವೆ. ಇನ್ನೊಬ್ಬರು ಕೆತ್ತಿ ಮಾರುತ್ತಿರುವ ವಸ್ತುವಿನ ನಕಲು ತೆಗೆಯುವುದೂ ಸರಿಯಲ್ಲ.

ಹಾಗಾದರೆ ಕೊಂಡ ಪೊಟ್ಟಣಗಳಲ್ಲಿ ಯಾವುದನ್ನು ಹಾಕಬೇಕು? ಸೀಟು, ಗಾಲಿಗಳು, ಎಕ್ಸಾಸ್ಟ್ ಈ ಮೂರಕ್ಕೆ ಕಿಟ್ಟನ್ನು ಹೆಚ್ಚು ಕೆರೆಯಬೇಕಿಲ್ಲ. ಕ್ಯಾನೊಪಿ ತೆರೆದಿಟ್ಟ ಮಾದರಿಯಲ್ಲಿ ನೋಡುವವರ ಕಣ್ಣು ಮೊದಲು ಹೋಗುವುದೂ ಸೀಟಿನ ಕಡೆಗೇ. ಕಾಕ್‌ಪಿಟ್‌ಗೆ ಮೇಲೆ ಹೇಳಿದಂತೆ ಕೆರೆದು ನೋಡಿ. ಒಡಲಿನ ಗೋಡೆಯಲ್ಲಿ ಬೆಳಕು ಹಾಯತೊಡಗಿದ ಮೇಲೂ ಹೋಳುಗಳು ಕೂಡದಿದ್ದರೆ ಅಲ್ಲಿಗೆ ಬಿಟ್ಟು, ಕಿಟ್‌ನ ಪ್ಲಾಸ್ಟಿಕ್ ಕಾಕ್‌ಪಿಟ್‌ನಲ್ಲೇ ರೆಸಿನ್ ಸೀಟನ್ನು ಕೂರಿಸಿ. ಗಾಲಿಗೂಡಿನ ಬಗ್ಗೆ ನನಗೆ ಉತ್ಸಾಹವಿಲ್ಲ. ಮಿಗ್-21ರ ಹಿಂದಿನ ಕಾಲು ರೆಕ್ಕೆಯೊಳಗೂ ಗಾಲಿ ಒಡಲಿನೊಳಗೂ ಮಡಚಿಕೊಳ್ಳುವುದರಿಂದ ಆ ಗೂಡು ಎರಡರಲ್ಲೂ ಹರಡಿದೆ, ಅಷ್ಟು ತೆಳುವಾದ ರೆಕ್ಕೆಯಲ್ಲಿ ರೆಸಿನ್‌ಗೆ ಜಾಗ ಮಾಡಹೊರಟರೆ ಮೇಲ್ಮೈಯೇ ತೂತಾಗುವ ಅಪಾಯವಿದೆ. ವಿಮಾನವನ್ನು ತಲೆಕೆಳಗು ಮಾಡದೆ ಅದು ಯಾರಿಗೂ ಕಾಣುವುದಿಲ್ಲ. ಫ್ಲಾಪ್‌ಗಳ ಪೊಟ್ಟಣವನ್ನು ಇನ್ನೂ ಒಡೆಯದಿದ್ದರೆ ಮಾರಿದವರಿಗೆ ಮರಳಿಸಲು ಕೇಳಿ. ಅದಕ್ಕೆ ಒಳ್ಳೆಯ ರೆಕ್ಕೆಯ ಹಿಂಬದಿಯನ್ನು ಕೊಯ್ಯಬೇಕಾಗುತ್ತದೆ, ಕೊಯ್ದ ಮೇಲೆ ಕಿಟ್‌ನ ಭಾಗಕ್ಕೆ ಹಿಂದಿರುಗುವ ದಾರಿಯಿರುವುದಿಲ್ಲ. ಸೀಟನ್ನು ಅಂಟಿಸುವುದು ಕೊನೆಗೆ, ಹೊರಗಿನ ಬಣ್ಣ ಮುಗಿದ ಮೇಲೆ. ಅದಕ್ಕೂ ಮುನ್ನ ಅದನ್ನು ಒಮ್ಮೆ ಒಳಗಿಳಿಸಿ ಕ್ಯಾನೊಪಿ ಮುಚ್ಚಿ ನೋಡಿ, ಏಕೆಂದರೆ ಸೀಟಿನ ಬುಡದ ಎರಕದ ಬಾಲ ಅರ್ಧ ಮಿಲಿಮೀಟರ್ ಉಳಿದಿದ್ದರೂ ಅದರ ತಲೆ ಗಾಜಿಗೆ ತಗಲುತ್ತದೆ.